32 ಬಿಟ್‌ಗೆ ಪೋರ್ಟ್ ಮಾಡಿದ ಮೇಲೆ ಒತ್ತಡದ ಎಚ್ಚರಿಕೆ ಒಮ್ಮೊಮ್ಮೆ ಬರುತ್ತಲೇ ಇಲ್ಲ

ರಿಗ್‌ರೂಮ್:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ವಿಮಾನದ ಹೈಡ್ರಾಲಿಕ್ ಕಂಟ್ರೋಲರ್ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತೇನೆ. ವಿಮಾನ ಸಾಫ್ಟ್‌ವೇರ್‌ನ ಮಾನದಂಡ ಡಿಒ-178ಸಿ, ಅದರಲ್ಲಿ ಎರಡನೇ ಅತಿ ಕಟ್ಟುನಿಟ್ಟಿನ ಹಂತವಾದ ಲೆವೆಲ್ ಬಿ, ಭಾಷೆ ಸಿ. ಹಳೆಯ 16 ಬಿಟ್ ಪ್ರೊಸೆಸರ್ ಸಿಗುವುದು ನಿಂತಿದ್ದರಿಂದ ಅದೇ ಕೋಡನ್ನು 32 ಬಿಟ್‌ಗೆ ತಂದಿದ್ದೇವೆ.

ಒತ್ತಡ ಮಿತಿಗಿಂತ ಇಳಿದು 500 ಮಿಲಿಸೆಕೆಂಡು ಹಾಗೇ ಇದ್ದರೆ ಪೈಲಟ್‌ಗೆ ಎಚ್ಚರಿಕೆ ಹೋಗಬೇಕು. ಪರೀಕ್ಷೆಯ ರಿಗ್‌ನಲ್ಲಿ 400 ಸಲ ಒತ್ತಡ ಇಳಿಸಿದೆವು. 397 ಸಲ ಸರಿಯಾಗಿ ಬಂತು, 3 ಸಲ ಬರಲಿಲ್ಲ. ತಡವಾಗಿ ಬಂತು ಅಂತಲ್ಲ, ಬರಲೇ ಇಲ್ಲ. ಮೂರನೇ ಸಲ ಪ್ಯಾನೆಲ್ ಮುಂದೆ ನಾನೇ ಹತ್ತು ನಿಮಿಷ ನಿಂತಿದ್ದೆ. ಗೇಜಿನ ಮುಳ್ಳು ತಳ ಮುಟ್ಟಿದೆ, ದೀಪ ಮಾತ್ರ ಹತ್ತಿಲ್ಲ. ಒತ್ತಡ ಏರಿಸಿ ಮತ್ತೆ ಇಳಿಸಿದಾಗ ಹತ್ತಿತು.

ಸೆನ್ಸರ್ ಬದಲಿಸಿ ನೋಡಿದೆವು, ವೈರಿಂಗ್ ನೋಡಿದೆವು. ಯೂನಿಟ್ ಟೆಸ್ಟ್ ಎಲ್ಲ ಪಾಸ್, ಡಿಸಿಷನ್ ಕವರೇಜ್ (ಕೋಡ್‌ನ ಪ್ರತಿ ತೀರ್ಮಾನವೂ ಹೌದು-ಇಲ್ಲ ಎರಡೂ ಕಡೆ ಓಡಿದೆಯೇ ಎಂಬ ಅಳತೆ) ಪೂರ್ತಿ ಶೇಕಡಾ 100. ಸೆನ್ಸರ್ ನಾಯ್ಸ್ ಇರಬೇಕು ಅಂತ ತಂಡದಲ್ಲಿ ಕೆಲವರ ಅಭಿಪ್ರಾಯ. ನನಗೆ ಒಪ್ಪಲು ಆಗುತ್ತಿಲ್ಲ.

ಹಳೇಬೇರು:
ಒಪ್ಪಬೇಡಿ. ನಾಯ್ಸ್ ಆಗಿದ್ದರೆ ಹತ್ತು ನಿಮಿಷ ಸುಮ್ಮನಿರುತ್ತಿರಲಿಲ್ಲ. ಎರಡು ವಿಷಯ ಹೇಳಿ: ಸಮಯ ಎಣಿಸುವ ಕೌಂಟರ್ ಎಷ್ಟು ಬಿಟ್? 500 ಅನ್ನುವ ಮಿತಿಯನ್ನು ಕೋಡ್‌ನಲ್ಲಿ ಹೇಗೆ ಬರೆದಿದೆ?

ರಿಗ್‌ರೂಮ್:
ಕೌಂಟರ್ 16 ಬಿಟ್ ಅನ್‌ಸೈನ್ಡ್ (ಮೈನಸ್ ಇಲ್ಲದ ಸಂಖ್ಯೆ, 0ಯಿಂದ 65,535), ಮಿಲಿಸೆಕೆಂಡಿಗೆ ಒಂದು ಏರುತ್ತದೆ. ಮಿತಿಯೂ 16 ಬಿಟ್ ಅನ್‌ಸೈನ್ಡ್ ಕಾನ್ಸ್ಟಂಟ್. ಒತ್ತಡ ಇಳಿದ ಕ್ಷಣದ ಎಣಿಕೆಯನ್ನು ಹಿಡಿದಿಟ್ಟು, ಪ್ರತಿ ಮಿಲಿಸೆಕೆಂಡಿಗೂ ಈಗಿನದರಿಂದ ಅದನ್ನು ಕಳೆದು ಮಿತಿಯೊಂದಿಗೆ ಹೋಲಿಸುತ್ತೇವೆ. ಕೌಂಟರ್ ತುಂಬಿ ಸೊನ್ನೆಗೆ ಬಂದರೂ ವ್ಯತ್ಯಾಸ ಸರಿಯಾಗೇ ಬರಬೇಕಲ್ಲ? ಹಳೆಯ ಪ್ರೊಸೆಸರ್‌ನಲ್ಲಿ ವರ್ಷಗಟ್ಟಲೆ ಓಡಿದೆ.

ಹಳೇಬೇರು:
ಹಳೆಯದರಲ್ಲಿ ಸರಿಯಾಗೇ ಬರುತ್ತಿತ್ತು. ಅಲ್ಲಿ ಇಂಟ್, ಅಂದರೆ ಸಿ ಭಾಷೆಯ ಮಾಮೂಲಿ ಪೂರ್ಣಾಂಕ, 16 ಬಿಟ್; ಹಾಗಾಗಿ ಕಳೆದದ್ದೂ 16 ಬಿಟ್ ಅನ್‌ಸೈನ್ಡ್ ಆಗಿಯೇ ಉಳಿಯುತ್ತಿತ್ತು. ಹೊಸದರಲ್ಲಿ ಇಂಟ್ 32 ಬಿಟ್. ಕಳೆಯುವ ಮೊದಲು ಸಿ ಭಾಷೆ ಎರಡೂ ಸಂಖ್ಯೆಗಳನ್ನು ಸೈನ್ಡ್ (ಮೈನಸ್ ಆಗಬಲ್ಲ) ಇಂಟ್‌ಗೆ ಏರಿಸುತ್ತದೆ. ನಿಯಮವೇ ಹಾಗಿದೆ, ಕಂಪೈಲರ್ ತಪ್ಪಲ್ಲ.

ಲೆಕ್ಕ ಹಾಕಿ ನೋಡಿ. ಒತ್ತಡ ಇಳಿದಾಗ ಕೌಂಟರ್ 65,400 ಅಂದುಕೊಳ್ಳಿ. 136 ಮಿಲಿಸೆಕೆಂಡಿಗೆ ಅದು ಸೊನ್ನೆಗೆ ಮರಳುತ್ತದೆ. ಎಣಿಕೆ 364 ಆದಾಗ 500 ಮಿಲಿಸೆಕೆಂಡು ಕಳೆದಿರುತ್ತದೆ; ಆದರೆ 364ರಲ್ಲಿ 65,400 ಕಳೆದರೆ ಈಗ ಮೈನಸ್ 65,036. ಅದು 500 ಮುಟ್ಟುವುದೆಲ್ಲಿಂದ? ಕೌಂಟರ್ ಪೂರ್ತಿ ಸುತ್ತಿ ಬಂದರೂ ವ್ಯತ್ಯಾಸ 135ಕ್ಕಿಂತ ಮೇಲೆ ಹೋಗದು. ಹತ್ತು ನಿಮಿಷವಲ್ಲ, ಇಡೀ ಹಾರಾಟ ಕಾದರೂ ದೀಪ ಹತ್ತುವುದಿಲ್ಲ.

65,536 ಎಣಿಕೆಗಳಲ್ಲಿ ಕೊನೆಯ 500 ಅಪಾಯದವು, ಅಂದರೆ ಸುಮಾರು 131ಕ್ಕೆ ಒಂದು. ನಿಮ್ಮ 400ಕ್ಕೆ 3 ಇದಕ್ಕೆ ಕೂಡಿ ಬರುತ್ತದೆ.

ಇನ್ನೊಂದು ಮಾತು. ಮಿತಿಯನ್ನು 500ರ ಕೊನೆಗೆ ಅನ್‌ಸೈನ್ಡ್ ಎಂದು ಸೂಚಿಸುವ ಯು ಅಕ್ಷರ ಹಾಕಿ ನೇರವಾಗಿ ಬರೆದಿದ್ದರೆ ಆಗುವುದು ತದ್ವಿರುದ್ಧ: ಮೈನಸ್ ಸಂಖ್ಯೆ ಅನ್‌ಸೈನ್ಡ್ ಆಗಿ ಭಾರಿ ದೊಡ್ಡದಾಗುತ್ತದೆ, ಕೌಂಟರ್ ಸೊನ್ನೆಗೆ ಬಂದ ಕೂಡಲೇ ಸುಳ್ಳು ಎಚ್ಚರಿಕೆ. ಕೋಡ್‌ನ ಬೇರೆ ಕಡೆ ಎರಡೂ ಬಗೆ ಇರಬಹುದು, ಹುಡುಕಿ.

ಮಾಪಕ:
ಕೌಂಟರನ್ನೇ 32 ಬಿಟ್ ಮಾಡಿಬಿಟ್ಟರೆ ಸಾಲದೇ ಸರ್? ಮಿಲಿಸೆಕೆಂಡಿನ ಲೆಕ್ಕದಲ್ಲಿ 49.7 ದಿನಕ್ಕೊಮ್ಮೆ ತುಂಬುತ್ತದೆ. ಅಷ್ಟು ದಿನ ಯಾವ ವಿಮಾನ ಆನ್ ಇರುತ್ತದೆ?

ಹಳೇಬೇರು:
ಆ ನಂಬಿಕೆ ಬೇಡ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೋಯಿಂಗ್ 787ಕ್ಕೆ ಹೊರಡಿಸಿದ ನಿರ್ದೇಶನ ಇದರ ಬಗ್ಗೆಯೇ. ಸತತ 248 ದಿನ ವಿದ್ಯುತ್ ಇದ್ದರೆ ಜನರೇಟರ್ ಕಂಟ್ರೋಲ್ ಯೂನಿಟ್‌ಗಳ ಕೌಂಟರ್ ತುಂಬಿ, ನಾಲ್ಕೂ ಒಟ್ಟಿಗೆ ಫೇಲ್‌ಸೇಫ್ ಸ್ಥಿತಿಗೆ ಹೋಗಿ, ಎಸಿ ವಿದ್ಯುತ್ ಪೂರ್ತಿ ಹೋಗಬಹುದಿತ್ತು. ಸೆಕೆಂಡಿನ ನೂರನೇ ಒಂದು ಭಾಗವನ್ನು ಸೈನ್ಡ್ 32 ಬಿಟ್‌ನಲ್ಲಿ ಎಣಿಸಿದರೂ ಸುಮಾರು 248 ದಿನಕ್ಕೇ ತುಂಬುತ್ತದೆ.

32 ಬಿಟ್ ಆದರೆ ಈ ಪ್ರೊಸೆಸರ್‌ನಲ್ಲಿ ಸೈನ್ಡ್‌ಗೆ ಏರಿಸುವ ತೊಂದರೆ ಇಲ್ಲ, ನಿಜ. ಆದರೆ ಆ ಕೌಂಟರನ್ನು ಓದುವ ಪ್ರತಿಯೊಂದು ಮಾಡ್ಯೂಲ್‌ಗೂ ಇಂಪ್ಯಾಕ್ಟ್ ಅನಾಲಿಸಿಸ್ (ಬದಲಾವಣೆಯ ಪರಿಣಾಮದ ಪರಿಶೀಲನೆ) ಬೇಕು. ಇಲ್ಲಿ ಸಣ್ಣ ತಿದ್ದುಪಡಿ ಸಾಕು: ಕಳೆದು ಬಂದದ್ದನ್ನು 16 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ, ಅಂದರೆ ಆ ಬಗೆಗೆ ಪರಿವರ್ತಿಸಿ, ಆಮೇಲೆ ಹೋಲಿಸಿ.

ರಿಗ್‌ರೂಮ್ ಅವರೇ, ಕೋಡ್ ಮುಟ್ಟುವ ಮೊದಲು ಪ್ರಾಬ್ಲಂ ರಿಪೋರ್ಟ್ ತೆರೆಯಿರಿ. ಕವರೇಜ್ 100 ಬಂದಿದ್ದಕ್ಕೆ ಬೇಸರ ಬೇಡ. ಇದಕ್ಕಿಂತ ಕಠಿಣವಾದ ಎಂಸಿ/ಡಿಸಿ ಕವರೇಜ್ ಮಾಡಿದ್ದರೂ 100 ಬರುತ್ತಿತ್ತು, ಯಾಕೆಂದರೆ ಆ ಸಾಲು ಹೌದು-ಇಲ್ಲ ಎರಡೂ ಕಡೆ ಓಡಿದೆ. ತಪ್ಪಿಹೋದದ್ದು ರೋಬಸ್ಟ್‌ನೆಸ್ ಟೆಸ್ಟ್, ಅಂದರೆ ಅಸಹಜ ಸ್ಥಿತಿಗಳಲ್ಲಿ ಕೋಡ್ ತಡೆಯುತ್ತದೆಯೇ ಎಂಬ ಪರೀಕ್ಷೆ. ಡಿಲೇಯಂಥ ಸಮಯದ ಫಂಕ್ಷನ್‌ಗಳಲ್ಲಿ ಓವರ್‌ಫ್ಲೋ (ಸಂಖ್ಯೆ ಬಿಟ್‌ಗಳಿಗೆ ಹಿಡಿಸದೆ ಹೋಗುವುದು) ಪರೀಕ್ಷಿಸಿ ಎಂದು ಡಿಒ-178ಸಿಯೇ ಕೇಳುತ್ತದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ನಾಶವಾದದ್ದೂ ಏರಿಯಾನ್ 4ರಿಂದ ಬಂದ ಕೋಡ್‌ನಲ್ಲಿ ಒಂದು ಸಂಖ್ಯೆ 16 ಬಿಟ್‌ಗೆ ಹಿಡಿಸದೆ ಹೋದದ್ದರಿಂದ. ಹಳೆಯ ಯಂತ್ರದಲ್ಲಿ ಓಡಿದೆ ಅನ್ನುವುದನ್ನು ಹೊಸ ಯಂತ್ರಕ್ಕೆ ಪುರಾವೆಯಾಗಿ ಇಟ್ಟುಕೊಳ್ಳಬೇಡಿ.

ಮಾಪಕ:
ಲಿನಕ್ಸ್ ಕರ್ನಲ್‌ನಲ್ಲಿ ಟಿಕ್ ಎಣಿಕೆಯನ್ನು ಬೂಟ್ ಆದ ಐದೇ ನಿಮಿಷಕ್ಕೆ 32 ಬಿಟ್ ಸುತ್ತುವ ಹಾಗೆ ಆರಂಭಿಸುತ್ತಾರೆ, ಇಂಥ ತಪ್ಪು ಬೇಗ ಸಿಕ್ಕಲಿ ಅಂತ. ನಿಮ್ಮ ಟೆಸ್ಟ್‌ನಲ್ಲೂ ಆರಂಭದ ಎಣಿಕೆಯನ್ನು ಹಾರ್ನೆಸ್‌ನಿಂದ, ಅಂದರೆ ಟೆಸ್ಟ್ ಓಡಿಸುವ ವ್ಯವಸ್ಥೆಯಿಂದ, ಕೊಡಬಹುದಲ್ಲ?

ರಿಗ್‌ರೂಮ್:
ಹಾಗೇ ಮಾಡಿದೆ, ನಿನ್ನೆ ರಾತ್ರಿ. ಆರಂಭ 65,035 ಇಟ್ಟಾಗ ಎಚ್ಚರಿಕೆ ಬಂತು. 65,036 ಇಟ್ಟಾಗ ಬರಲಿಲ್ಲ. ಬೇಕೆಂದಾಗಲೆಲ್ಲ ಮರುಕಳಿಸುತ್ತಿದೆ. ವಾರಗಟ್ಟಲೆ ಸೆನ್ಸರ್ ಹಿಂದೆ ಓಡಾಡಿದ್ದೆವು!

ಕಾಸ್ಟ್ ಹಾಕಿದ ಪ್ರತಿಯಲ್ಲಿ 65,036ರಿಂದ 65,535ರವರೆಗೆ ಐನೂರೂ ಪಾಸ್. ಅದನ್ನಿನ್ನೂ ಬೇಸ್‌ಲೈನ್‌ಗೆ (ಅಧಿಕೃತ ಪ್ರತಿಗೆ) ಸೇರಿಸಿಲ್ಲ. ರಿಪೋರ್ಟ್ ತೆರೆದಿದ್ದೇನೆ, ಕೌಂಟರ್ ಸುತ್ತುವ ಸಂಗತಿಯನ್ನು ಲೋ ಲೆವೆಲ್ ರಿಕ್ವೈರ್‌ಮೆಂಟ್‌ನಲ್ಲಿ (ಕೋಡ್ ಬರೆಯಲು ಆಧಾರವಾದ ವಿವರವಾದ ಅಗತ್ಯಗಳ ಪಟ್ಟಿ) ಬರೆದು ಸೇಫ್ಟಿ ತಂಡಕ್ಕೂ ಕಳಿಸುತ್ತಿದ್ದೇನೆ. ಹಳೇಬೇರು ಸರ್ ಹೇಳಿದ ಹಾಗೆ ಉಳಿದ ಕೋಡ್ ಹುಡುಕಿದಾಗ ಇಂಥದ್ದೇ ಇನ್ನೆರಡು ಸಾಲು ಸಿಕ್ಕವು. ಒಂದರಲ್ಲಿ ಮಿತಿಯ ಕೊನೆಗೆ ಯು ಇದೆ. ಪಂಪ್ ಸ್ವಯಂಪರೀಕ್ಷೆಯಲ್ಲಿ ಆಗಾಗ ಬರುತ್ತಿದ್ದ ಸುಳ್ಳು ಫಾಲ್ಟ್ ಅಲ್ಲಿಂದಲೇ ಇರಬೇಕು, ನಾಳೆ ಅದನ್ನು ಹಿಡಿಯುತ್ತೇನೆ.