ಹೂಳೆತ್ತಿದ ಕೆರೆಯಲ್ಲಿ ಸಿಕ್ಕ ಮರಿಗಳು ಜಿಲೇಬಿ ಮೀನುಗಳೇ? ಮನೆಯ ತೊಟ್ಟಿಯಲ್ಲಿ ಸಾಕಬಹುದೇ?

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಹೂಳೆತ್ತುವುದಕ್ಕಾಗಿ ನಮ್ಮೂರ ಕೆರೆಯ ನೀರನ್ನು ಖಾಲಿ ಮಾಡಿದಾಗ, ತೂಬಿನ ಬಳಿಯ ಕೆಸರಿನಲ್ಲಿ ಒದ್ದಾಡುತ್ತಿದ್ದ ಏಳು ಮರಿಮೀನುಗಳನ್ನು ಮಕ್ಕಳು ಕೊಡಪಾನದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದಾರೆ. ಮೀನುಗಳು ಬೆರಳುದ್ದ ಇವೆ. ಮೈ ಬೂದು ಬೆಳ್ಳಿಯ ಬಣ್ಣ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಮಸುಕಾದ ಪಟ್ಟೆಗಳು, ಬೆನ್ನಿನ ಈಜುರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಚುಕ್ಕೆ. ಪಕ್ಕದ ಮನೆಯವರು ಜಿಲೇಬಿ ಎನ್ನುತ್ತಾರೆ. ಮಂಗಳೂರಿನಲ್ಲಿರುವ ನಮ್ಮ ಭಾವ ಚಿತ್ರ ನೋಡಿ ಕರಿಮೀನಿನ ಮರಿ ಎಂದರು. ಹಿಂದೆ ಗೋಲ್ಡ್‌ಫಿಶ್ ಸಾಕಿದ್ದ ಮೂರಡಿಯ ಗಾಜಿನ ತೊಟ್ಟಿ ಖಾಲಿ ಇದೆ, ನೀರು ಬಾವಿಯದು. ಇವು ಯಾವ ಮೀನುಗಳು? ಇಲ್ಲಿಯೇ ಸಾಕಬಹುದೇ, ಅಥವಾ ತುಂಗೆಗೆ ಬಿಡುವುದು ಒಳ್ಳೆಯದೇ? ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಆ ಸಲಹೆಯನ್ನು ದಯವಿಟ್ಟು ಬೇರೆಯವರಿಗೆ ಕೊಡಿ.

ಹೊಳೆಬದಿ (ಶಿವಮೊಗ್ಗ):

ಆ ಕಪ್ಪು ಚುಕ್ಕೆಯೇ ಬಹುಪಾಲು ಉತ್ತರ ಹೇಳುತ್ತದೆ: ಅದು ತಿಲಾಪಿಯಾ, ಅಂದರೆ ನಿಮ್ಮ ಪಕ್ಕದ ಮನೆಯವರು ಜಿಲೇಬಿ ಎನ್ನುವ ಮೀನಿನ ಮರಿಗಳ ಗುರುತು, ಬೆಳೆಯುತ್ತಾ ಮಾಸುತ್ತದೆ. ಭಾವನವರ ಅನುಮಾನ ತೀರಬೇಕಾದರೆ ಹೊಟ್ಟೆಯ ಕೆಳಗೆ, ಬಾಲದ ಮುಂದಿರುವ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಿ. ತಿಲಾಪಿಯಾದಲ್ಲಿ ಸಾಮಾನ್ಯವಾಗಿ ಮೂರೇ ಇರುತ್ತವೆ, ಕರಿಮೀನಿನಲ್ಲಿ ಹನ್ನೆರಡರ ಆಸುಪಾಸು. ಕಾಟ್ಲಾ, ರೋಹುಗಳ ಮರಿ ಇರಬಹುದೇ ಎಂಬ ಶಂಕೆ ಬಂದರೆ ಪಕ್ಕೆಯ ಮೇಲಿನ ಪಾರ್ಶ್ವರೇಖೆಯನ್ನು ನೋಡಿ. ಆ ಮೀನುಗಳಲ್ಲಿ ಅದು ಕಿವಿರಿನಿಂದ ಬಾಲದವರೆಗೆ ಒಂದೇ ಎಳೆಯಾಗಿ ಸಾಗುತ್ತದೆ, ತಿಲಾಪಿಯಾದಲ್ಲಿ ನಡುವೆ ತುಂಡಾಗಿ, ಸ್ವಲ್ಪ ಕೆಳಗಿನಿಂದ ಮತ್ತೆ ಆರಂಭವಾಗುತ್ತದೆ.

ಯಾವ ತಿಲಾಪಿಯಾ ಎಂಬುದು ಮಾತ್ರ ಸುಲಭವಲ್ಲ. 1952ರಲ್ಲಿ ಭಾರತಕ್ಕೆ ಮೊದಲು ಬಂದದ್ದು ಆಫ್ರಿಕಾ ಮೂಲದ ಮೊಜಾಂಬಿಕ್ ತಿಲಾಪಿಯಾ. ನೈಲ್ ತಿಲಾಪಿಯಾ ಅನಂತರದ್ದು. ಬಾಲದ ಉದ್ದಕ್ಕೂ ಸ್ಪಷ್ಟವಾದ, ನೆಟ್ಟಗೆ ನಿಂತ ಗೆರೆಗಳಿದ್ದರೆ ನೈಲ್ ಎಂದುಕೊಳ್ಳಬಹುದು. ಗೆರೆಗಳಿಲ್ಲದೆ, ಗಂಡು ಬೆದೆಗೆ ಬಂದಾಗ ಮೈಯೆಲ್ಲ ಕಪ್ಪಾಗಿ ಗಲ್ಲದ ಕೆಳಗೆ ಬೆಳ್ಳಗಾಗಿ ಬೆನ್ನು, ಬಾಲಗಳ ರೆಕ್ಕೆಯಂಚು ಕೆಂಪೇರಿದರೆ ಮೊಜಾಂಬಿಕ್. ಆದರೆ ಇವೆರಡೂ ಸುಲಭವಾಗಿ ಬೆರೆಯುತ್ತವೆ. ಆದುದರಿಂದ ಬೆರಳುದ್ದದ ಮರಿಯ ಚಿತ್ರವೊಂದನ್ನು ನೋಡಿ ಖಚಿತವಾಗಿ ಹೆಸರಿಸುವವರನ್ನು ನಾನು ನಂಬುವುದಿಲ್ಲ. ಸಾಕುವವರಿಗೆ ಈ ವ್ಯತ್ಯಾಸ ಅಷ್ಟೇನೂ ಮುಖ್ಯವೂ ಅಲ್ಲ.

ಅಡಿಕೆಸೋಗೆ (ಸಾಗರ):

ಸಾಕಬಹುದು, ಆದರೆ ಏಳನ್ನೂ ಆ ತೊಟ್ಟಿಯಲ್ಲಿ ಬಹಳ ಕಾಲ ಸಾಕಲಾಗದು. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರವೆಂದರೆ ಸುಮಾರು 125 ಲೀಟರ್ ನೀರು. ಈ ಮೀನುಗಳು ಒಂದಡಿಯವರೆಗೂ ಬೆಳೆಯುತ್ತವೆ, ನೈಲ್ ಆದರೆ ಅದಕ್ಕಿಂತಲೂ ದೊಡ್ಡದಾಗುತ್ತದೆ. ಬಲಿತ ಗಂಡು ಮರಳಿನಲ್ಲಿ ಗುಂಡಿ ತೋಡಿಕೊಂಡು, ಹತ್ತಿರ ಬಂದ ಗಂಡುಗಳನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಓಡಿ ಹೋಗಲು ಜಾಗವಿಲ್ಲದ ಮೀನು ಮೂಲೆ ಸೇರಿ ಸೊರಗುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ತೊಟ್ಟಿ ಅಥವಾ ಹಿತ್ತಿಲಿನಲ್ಲಿ ಬಲೆ ಮುಚ್ಚಿದ ಸಿಮೆಂಟ್ ತೊಟ್ಟಿಯನ್ನು ಈಗಿನಿಂದಲೇ ಯೋಚಿಸಿ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮರಿಗಳು ಸಾಯುವುದು ಹೆಚ್ಚಾಗಿ ಇದರಿಂದಲೇ. ಖಾಲಿ ಬಿದ್ದಿದ್ದ ತೊಟ್ಟಿಯಲ್ಲಿ, ಮೀನಿನ ಮಲದಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಅವು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೇವನ್ನು ಕಡಿಮೆ ಮಾಡಿ, ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಗಾಳಿಯ ಪಂಪನ್ನು ನಿಲ್ಲಿಸಬೇಡಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ನಲ್ಲಿ ನೀರು ಬಳಸುವವರು ಕ್ಲೋರಿನ್ ತೆಗೆಯಬೇಕಾಗುತ್ತದೆ; ಬಾವಿಯ ನೀರಿಗೆ ಆ ತೊಂದರೆಯಿಲ್ಲ. ಆದರೆ ನಮ್ಮ ಕಡೆಯ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅಂತಹ ನೀರಿನ ಪಿಎಚ್ ತೊಟ್ಟಿಯಲ್ಲಿ ಮತ್ತಷ್ಟು ಕುಸಿದರೆ ಆ ಬ್ಯಾಕ್ಟೀರಿಯಾಗಳ ಕೆಲಸವೂ ಮಂದವಾಗುತ್ತದೆ. ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಒಂದು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಅವು ನಿಧಾನವಾಗಿ ಕರಗುತ್ತಾ ಸರಿದೂಗಿಸುತ್ತವೆ. ಚಿಪ್ಪು ಸಿಗಲಿಲ್ಲವೆಂದು ಎಲೆಯಡಿಕೆಯ ಸುಣ್ಣವನ್ನು ಕದಡಬೇಡಿ. ಪಿಎಚ್ ಒಮ್ಮೆಗೇ ಏರಿ ಮೀನುಗಳು ಸಾಯುತ್ತವೆ.

ಮೇವಿನ ಚಿಂತೆ ಬೇಡ. ಗುಳಿಗೆಯ ಮೇವಿನ ಜೊತೆಗೆ ಪಾಚಿ, ಬೇಯಿಸಿದ ಸೊಪ್ಪು ಎಲ್ಲವನ್ನೂ ತಿನ್ನುತ್ತವೆ. ತೊಟ್ಟಿಯಲ್ಲಿ ನೆಟ್ಟ ಗಿಡಗಳನ್ನೂ ಬಿಡುವುದಿಲ್ಲ. ಚಳಿಗಾಲದಲ್ಲಿ ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಹಸಿವು ಕುಗ್ಗುತ್ತದೆ. ಆಗ ಮೇವು ಇಳಿಸಿ.

ಹಳ್ಳದದಂಡೆ (ಹೊಸನಗರ):

ಇಷ್ಟೆಲ್ಲ ಏಕೆ? ಮಳೆ ಹಿಡಿದು ಕೆರೆ ತುಂಬಿದ ಮೇಲೆ ಅಲ್ಲಿಯೇ ಬಿಡಬಹುದಲ್ಲವೇ? ಅವು ಬಂದದ್ದೇ ಅಲ್ಲಿಂದ.

ಹೊಳೆಬದಿ:

ಅಲ್ಲಿಂದ ಬಂದವೆಂಬುದು ನಿಜ. ಅಲ್ಲಿಯವಲ್ಲ ಎಂಬುದೂ ನಿಜ. ಹೂಳೆತ್ತಲು ಬರಿದಾದ ಕೆರೆಯು ತಿಲಾಪಿಯಾ ಇಲ್ಲದೆ ಮತ್ತೆ ತುಂಬುವ ಅವಕಾಶ ಸಿಕ್ಕಿರುವಾಗ, ನಾವೇ ಬೀಜ ಹಾಕುವುದು ಸರಿಯಲ್ಲ. ಮುಂಗಾರಿನಲ್ಲಿ ಕೋಡಿ ಬಿದ್ದ ಕೆರೆಯ ನೀರು ಹಳ್ಳ ಸೇರಿ ತುಂಗೆಗೆ ಹೋಗುತ್ತದೆ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಊರಿನವರು ಕಾಪಾಡಿಕೊಂಡು ಬಂದ ಮೀನುಗಳಿರುವ ಹೊಳೆ ಅದು. ಜಗತ್ತಿನ ಅತಿ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಮೊಜಾಂಬಿಕ್ ತಿಲಾಪಿಯಾ ಸೇರಿದೆ. ಮರಿಗಳನ್ನು ತಾಯಿ ಬಾಯಿಯಲ್ಲಿಟ್ಟು ಕಾಯುವುದರಿಂದ ಕೆಲವೇ ಮೀನುಗಳಿಂದ ಕೆರೆ ತುಂಬಿಬಿಡುತ್ತದೆ. ಸಾಕಲಾಗದಿದ್ದರೆ ಈಗಾಗಲೇ ತಿಲಾಪಿಯಾ ಇರುವ, ಹೊರಹರಿವಿಲ್ಲದ ಹೊಂಡದವರಿಗೆ ಕೊಡಿ.

ತೋಟದಮನೆ:

ಮುಳ್ಳು ಮೂರೇ ಇವೆ, ಬಾಲದಲ್ಲಿ ಗೆರೆಗಳಿಲ್ಲ. ಎರಡನ್ನು ಉಳಿಸಿಕೊಂಡು, ಉಳಿದವನ್ನು ತಿಲಾಪಿಯಾ ಸಾಕುವ ಪರಿಚಯದವರೊಬ್ಬರ ಸಿಮೆಂಟ್ ತೊಟ್ಟಿಗೆ ಕೊಡಲು ಒಪ್ಪಿಸಿದ್ದೇನೆ. ಆ ಎರಡರಲ್ಲಿ ಒಂದು ಗಂಡು, ಒಂದು ಹೆಣ್ಣಾಗಿದ್ದರೆ ಮರಿಗಳ ಗತಿಯೇನು?

ಅಡಿಕೆಸೋಗೆ:

ಹೆಣ್ಣು ಮೇವು ಬಿಟ್ಟು, ಗಂಟಲು ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತರೆ ರೋಗವೆಂದು ಔಷಧಿ ಹಾಕಬೇಡಿ. ಬಾಯಲ್ಲಿ ಮೊಟ್ಟೆಗಳಿವೆ ಎಂದು ತಿಳಿಯಿರಿ. ಸುಮಾರು ಎರಡು ವಾರದಲ್ಲಿ ಮರಿಗಳನ್ನು ಹೊರಬಿಡುತ್ತದೆ. ಅಷ್ಟನ್ನೂ ಸಾಕುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ಲಿಂಗ ತಿಳಿಯುವಷ್ಟು ಬೆಳೆದ ಕೂಡಲೇ ಎರಡನ್ನೂ ಬೇರೆ ಮಾಡಿ, ಅಥವಾ ಒಂದನ್ನೇ ಇಟ್ಟುಕೊಳ್ಳಿ. ಒಂಟಿ ತಿಲಾಪಿಯಾ ಸೊರಗುವುದಿಲ್ಲ. ಮೇವು ಹಾಕುವವರನ್ನು ಗುರುತಿಸಿ ಗಾಜಿನ ಬಳಿಗೆ ಬರುವಷ್ಟು ಪಳಗುತ್ತದೆ.