ಎಕ್ಸ್‌ರೇ ರೂಮು ಒಂದೇ, ಹುಡುಗರು 20: ಕೈ ಪಳಗಿಸೋದು ಹೇಗೆ?

ಪ್ರಶ್ನೆ: ಇಮೇಜಿಂಗ್ ಟೆಕ್ನಾಲಜಿ ಎರಡನೇ ವರ್ಷದವರು. ಎಕ್ಸ್‌ರೇ ರೂಮು ದಿನಕ್ಕೆ ಎರಡು ಗಂಟೆ ಸಿಗುತ್ತೆ, ಹಳೇ ಅಲ್ಟ್ರಾಸೌಂಡ್ ಮಿಷನ್ ಒಂದಿದೆ. ಫ್ಯಾಂಟಮ್ (ಅಭ್ಯಾಸಕ್ಕೆ ದೇಹದ ಬದಲು ಬಳಸೋ ಮಾದರಿ) ಕೊಳ್ಳೋಕೆ ದುಡ್ಡಿಲ್ಲ. ಪ್ರಾಕ್ಟಿಕಲ್ ಹೇಗೆ ಮಾಡಿಸ್ತೀರಿ?

ಉತ್ತರ 1: ಪೊಸಿಷನಿಂಗ್, ಅಂದರೆ ಪೇಶೆಂಟನ್ನ ಸರಿಯಾಗಿ ನಿಲ್ಲಿಸೋದು, ಕಲಿಸೋಕೆ ಎಕ್ಸ್‌ರೇ ಬಿಡೋದೇ ಬೇಡ ಸರ್. ಕೊಲಿಮೇಟರ್ ಲೈಟು (ಎಕ್ಸ್‌ರೇ ಎಲ್ಲಿ ಬೀಳುತ್ತೆ ಅಂತ ತೋರಿಸೋ ಬೆಳಕು), ಅಳತೆ ಟೇಪು, ಮಾರ್ಕರು ಸಾಕು. ರಿಜೆಕ್ಟ್ ಆದ ಚೆಸ್ಟ್ ಪಿಎ (ಬೆನ್ನ ಕಡೆಯಿಂದ ಎಕ್ಸ್‌ರೇ ಬಿಟ್ಟು ತೆಗೆದ ಎದೆಯ) ಇಮೇಜುಗಳನ್ನ ಹೆಸರು, ನಂಬರು ಅಳಿಸಿ ಕೊಡಿ. ಆ ಪೇಶೆಂಟ್ ಹೇಗೆ ನಿಂತಿದ್ದಿರಬೇಕು ಅಂತ ಗೆಳೆಯನನ್ನ ಹಾಗೇ ನಿಲ್ಲಿಸಿ ತೋರಿಸಲಿ, ಆಮೇಲೆ ಸರಿಪಡಿಸಲಿ. ಕ್ಲಾವಿಕಲ್‌ನ (ಕೊರಳೆಲುಬಿನ) ಒಳತುದಿ ಸ್ಪೈನಸ್ ಪ್ರೋಸೆಸ್‌ನಿಂದ (ಬೆನ್ನುಮೂಳೆಯ ಹಿಂಚಾಚಿನಿಂದ) ಒಂದು ಕಡೆ ಹೆಚ್ಚು ದೂರ ಇದ್ದರೆ ಮೈ ತಿರುಗಿದೆ. ಸ್ಕ್ಯಾಪುಲಾ (ಹೆಗಲ ಮೂಳೆ) ಶ್ವಾಸಕೋಶದ ಮೇಲೆ ಕೂತಿದ್ದರೆ ಭುಜ ಮುಂದಕ್ಕೆ ತಳ್ಳಿಸಿಲ್ಲ. ಎಕ್ಸ್‌ರೇ ಟ್ಯೂಬಿನಿಂದ ಇಮೇಜು ಹಿಡಿಯೋ ಡಿಟೆಕ್ಟರ್‌ಗೆ ದೂರ 180 ಸೆಂ.ಮೀ. ಅನ್ನೋದನ್ನ ಟೇಪು ಹಿಡಿದೇ ನೋಡಲಿ. ಲೈಟಿಗಾಗಿ ಮಿಷನ್ ಆನ್ ಇರುತ್ತಲ್ಲ, ಕಂಟ್ರೋಲ್ ಪ್ಯಾನಲ್ ಹತ್ತಿರ ಮೇಷ್ಟ್ರೇ ನಿಂತಿರಬೇಕು. ಅಭ್ಯಾಸಕ್ಕೆ ಅಂತ ಮನುಷ್ಯರ ಮೇಲೆ ಒಂದು ಎಕ್ಸ್‌ಪೋಷರೂ ಕೂಡದು.

ಉತ್ತರ 2: ಅಲ್ಟ್ರಾಸೌಂಡ್ ಫ್ಯಾಂಟಮ್ ಅಡುಗೆಮನೆಯಲ್ಲೇ ಆಗುತ್ತೆ. ಒಂದು ಲೀಟರ್ ನೀರಿಗೆ ಸಪ್ಪೆ ಜೆಲಾಟಿನ್ ಪುಡಿ 90 ಗ್ರಾಂ, ನುಣ್ಣಗೆ ಪುಡಿಮಾಡಿದ ಇಸಬ್‌ಗೋಲ್ ಎರಡು ದೊಡ್ಡ ಚಮಚ. ಕಾಲುಭಾಗ ತಣ್ಣೀರಲ್ಲಿ ಜೆಲಾಟಿನ್ ಹತ್ತು ನಿಮಿಷ ನೆನೆಸಿ, ಉಳಿದ ನೀರು ಬಿಸಿ ಮಾಡಿ ಸೇರಿಸಿ. ಕುದಿಸಿದರೆ ಜೆಲಾಟಿನ್ ಬಿಗಿ ಕಳೆದುಕೊಳ್ಳುತ್ತೆ. ಇಸಬ್‌ಗೋಲ್ ಹಾಕದಿದ್ದರೆ ಸ್ಕ್ರೀನ್ ಬರೀ ಕಪ್ಪು. ತೀರಾ ಬಿಸಿಯಿದ್ದಾಗಲೇ ಡಬ್ಬಿಗೆ ಸುರಿದರೆ ಅದೆಲ್ಲ ತಳಕ್ಕಿಳಿಯುತ್ತೆ. ನೊರೆ ಚಮಚದಲ್ಲಿ ಎತ್ತಿ, ಅರ್ಧ ಸುರಿದು ಫ್ರಿಜ್ಜಲ್ಲಿಡಿ. ಅರೆಗಟ್ಟಿಯಾದಾಗ ದ್ರಾಕ್ಷಿ, ನೀರು ತುಂಬಿ ಕಟ್ಟಿದ ಗ್ಲೌಸ್ ಬೆರಳು ಇಟ್ಟು, ಉಗುರುಬೆಚ್ಚಗಿನ ಉಳಿದರ್ಧ ಹಾಕಿ. ಮೊದಲ ಪದರ ಪೂರ್ತಿ ಗಟ್ಟಿಯಾಗಿದ್ದರೆ ನಡುವೆ ಬಿಳಿ ಗೆರೆ ಕಾಣುತ್ತೆ. ಬೆರಳೊಳಗೆ ಒಂದು ಗುಳ್ಳೆ ಗಾಳಿ ಉಳಿದರೂ ಅದರ ಹಿಂದೆ ಕೊಳಕು ನೆರಳು ಬಿದ್ದು, ಆ ಬೆರಳು ಸಿಸ್ಟಿನ (ನೀರು ತುಂಬಿದ ಗಂಟಿನ) ಹಾಗೆ ಕಾಣಲ್ಲ.

ಈ ಫ್ಯಾಂಟಮ್‌ಗೆ ಸ್ಕ್ರೀನ್ ನೋಡುತ್ತಾ ಸೂಜಿ ಚುಚ್ಚಿಸುವಾಗ ಒಂದೇ ನಿಯಮ: ಪ್ರೋಬು (ಮೈಮೇಲಿಡೋ ಅಲ್ಟ್ರಾಸೌಂಡ್ ಹಿಡಿಕೆ), ಸೂಜಿ ಎರಡನ್ನೂ ಒಟ್ಟಿಗೆ ಅಲ್ಲಾಡಿಸಬಾರದು. ಸ್ಕ್ರೀನಲ್ಲಿ ಸೂಜಿ ಮಾಯವಾದರೆ ಸೂಜಿ ನಿಲ್ಲಿಸಿ, ಪ್ರೋಬು ಸರಿಸಿ ಹುಡುಕಬೇಕು.

ಮರುಪ್ರಶ್ನೆ: ಜೆಲಾಟಿನ್ ಮುಟ್ಟಲ್ಲ ಅನ್ನೋ ಸಸ್ಯಾಹಾರಿ ಮಕ್ಕಳಿದ್ದಾರೆ. ಚೈನಾ ಗ್ರಾಸ್ (ಅಗರ್) ಆಗುತ್ತಾ?

ಉತ್ತರ 2: ಆಗುತ್ತೆ ಮೇಡಂ, ಆದರೆ ಅದನ್ನ ಕುದಿಸಲೇಬೇಕು. ಸೂಜಿ ಹೋದ ಕಡೆ ಬೇಗ ಬಿರುಕು ಬಿಡುತ್ತೆ. ಸ್ಕ್ಯಾನಿಂಗ್‌ಗೆ ಸರಿ, ಸೂಜಿ ಅಭ್ಯಾಸಕ್ಕೆ ಅಷ್ಟಕ್ಕಷ್ಟೆ.

ಉತ್ತರ 3: ಎಕ್ಸ್‌ಪೋಷರ್ ಪಾಠಕ್ಕೆ ಅಂಗಡಿಯ ಕೋಳಿಕಾಲು ಡಿಟೆಕ್ಟರ್ ಮೇಲಿಡಿ, ಕೆಳಗೆ ಪ್ಲಾಸ್ಟಿಕ್ ಹಾಳೆ. ಮೊದಲು 50 ಕೆವಿಪಿ (ಎಕ್ಸ್‌ರೇಯ ತೂರುವ ಬಲ), 2 ಎಂಎಎಸ್ (ಎಕ್ಸ್‌ರೇಯ ಪ್ರಮಾಣ). ಬೇರೇನೂ ಮುಟ್ಟದೆ ಎಂಎಎಸ್ ಮಾತ್ರ 4, ಆಮೇಲೆ 8. ಡಿಜಿಟಲ್‌ನಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ, ಸಾಫ್ಟ್‌ವೇರು ಬ್ರೈಟ್‌ನೆಸ್ ಸರಿಮಾಡಿಬಿಡುತ್ತೆ. ಡೀವಿಯೇಷನ್ ಇಂಡೆಕ್ಸ್ (ಎಕ್ಸ್‌ಪೋಷರ್ ಗುರಿಗಿಂತ ಎಷ್ಟು ಹೆಚ್ಚುಕಮ್ಮಿ ಅಂತ ಮಿಷನ್ ತೋರಿಸೋ ಅಂಕಿ) ಮಾತ್ರ ಪ್ರತಿ ಸಲ ಸುಮಾರು 3 ಏರಿರುತ್ತೆ, ಅಂದರೆ ಡೋಸ್ ಎರಡರಷ್ಟು. ಆ ಅಂಕಿಯನ್ನ ಪ್ರತಿ ಇಮೇಜಿನ ಪಕ್ಕ ಅವರ ಕೈಲೇ ಬರೆಸಿ.