ಕಿಯಾರಿ, ಸಿರಿಂಕ್ಸ್: ಬರೀ ಡಿಕಂಪ್ರೆಶನ್ ಸಾಕಾ, ಸ್ಕ್ರೂ ಹಾಕಿಸ್ಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ

ಕೇಳಿದ್ದು, ಚಿತ್ರದುರ್ಗದಿಂದ:
ಎಲ್ರಿಗೂ ನಮಸ್ಕಾರ. ನಮ್ಮಕ್ಕನಿಗೆ 36 ವರ್ಷ. ಕೆಮ್ಮಿದ್ರೆ ಸೀನಿದ್ರೆ ತಲೆ ಹಿಂಭಾಗ ಸಿಡಿದ ಹಾಗೆ ನೋವು, ಎರಡೂ ಕೈ ಜೋಮು, ಮೊನ್ನೆ ಬಿಸಿ ಪಾತ್ರೆ ಹಿಡ್ಕೊಂಡು ಬೆರಳಲ್ಲಿ ಬೊಬ್ಬೆ ಬಂದ್ರೂ ಅವಳಿಗೆ ಗೊತ್ತೇ ಆಗಿಲ್ಲ. ಎಂಆರ್‌ಐ ರಿಪೋರ್ಟಲ್ಲಿ ಕಿಯಾರಿ ಟೈಪ್ 1, ಟಾನ್ಸಿಲ್ (ಗಂಟಲಿಂದಲ್ಲ, ಕಿರುಮೆದುಳಿನ ಕೆಳತುದಿ) 9 ಎಂಎಂ ಕೆಳಗಿಳಿದಿದೆ, ಬೆನ್ನುಹುರಿ ಒಳಗೆ ಸಿರಿಂಕ್ಸ್, ಅಂದ್ರೆ ನೀರು ತುಂಬಿದ ಪೊಳ್ಳು ಅಂತ ಬರ್ದಿದಾರೆ. ಒಬ್ರು ಡಾಕ್ಟ್ರು ಬುರುಡೆ ಹಿಂದಿನ ಮೂಳೆ ಸ್ವಲ್ಪ ತೆಗೆದ್ರೆ (ಡಿಕಂಪ್ರೆಶನ್) ಸಾಕು ಅಂತಾರೆ, ಇನ್ನೊಬ್ರು ಕತ್ತಿಗೆ ಸ್ಕ್ರೂ ಹಾಕ್ಬೇಕು ಅಂತಾರೆ. ಇಬ್ರೂ ಹೆಸರಿರೋ ಡಾಕ್ಟ್ರೇ, ಯಾರ ಮಾತು ನಂಬೋದು? ಅಮ್ಮ ಅಂತೂ ಆಪರೇಶನ್ನೇ ಬೇಡ ಅಂತ ಕೂತಿದಾರೆ.

ಹಾಸನದಿಂದ:
ನನ್ ಹೆಂಡ್ತಿಗೆ ಇದೇ ಇತ್ತು, ಡಿಕಂಪ್ರೆಶನ್ ಮಾಡಿಸಿದ್ವಿ. ಕಿರುಮೆದುಳಿನ ಕೆಳತುದಿ ಬುರುಡೆ ತಳದ ರಂಧ್ರದಿಂದ ಕೆಳಗೆ ಜಾರಿ ಮೆದುಳು, ಹುರಿ ಸುತ್ತ ಇರೋ ನೀರಿನ ಓಡಾಟಕ್ಕೆ ಅಡ್ಡ ಬರುತ್ತೆ, ಅದರಿಂದಾನೇ ಹುರಿ ಒಳಗೆ ನೀರಿನ ಚೀಲದ ಥರ ಆಗೋದು ಅಂತ ನಮಗೆ ಹೇಳಿದ್ರು. ರಂಧ್ರದ ಹಿಂದಿನ ಅಂಚು, ಕತ್ತಿನ ಮೊದಲ ಮೂಳೆಯ ಹಿಂದಿನ ಕಮಾನು ತೆಗೆದು ಜಾಗ ಮಾಡ್ತಾರೆ. ಒಳಗಿನ ಪೊರೆ ಬಿಚ್ಚಿ ತೇಪೆ ಹಾಕ್ತಾರಾ ಇಲ್ವಾ ಅಂತ ಕೇಳ್ಕೊಳಿ, ತೇಪೆ ಹಾಕಿದ್ರೆ ನೀರು ಸೋರೋ ರಿಸ್ಕ್ ಜಾಸ್ತಿ, ಹಾಕದಿದ್ರೆ ಮುಂದೆ ಇನ್ನೊಂದ್ಸಲ ಆಪರೇಶನ್ ಬೇಕಾಗೋ ಸಾಧ್ಯತೆ ಜಾಸ್ತಿ. ಇವಳಿಗೆ ಕೆಮ್ಮಿದಾಗ ಬರ್ತಿದ್ದ ನೋವು ಹೋಯ್ತು, ಕೈ ಜೋಮು ಪೂರ್ತಿ ಹೋಗಿಲ್ಲ. ಅದನ್ನ ಡಾಕ್ಟ್ರು ಮೊದ್ಲೇ ಹೇಳಿದ್ರು, ಮುಖ್ಯವಾಗಿ ಇನ್ನೂ ಕೆಡದೇ ಇರ್ಲಿ ಅಂತ ಆಪರೇಶನ್, ಹೋಗಿರೋದೆಲ್ಲ ವಾಪಸ್ ಬರುತ್ತೆ ಅಂತ ಅನ್ಕೋಬೇಡಿ ಅಂತ. ಅಮ್ಮನಿಗೂ ಇದನ್ನೇ ಬಿಡಿಸಿ ಹೇಳಿ. ಅಲ್ಲೀವರೆಗೂ ಅಕ್ಕ ಇಕ್ಕಳ ಇಲ್ದೆ ಒಲೆ ಹತ್ರ ಹೋಗೋದು ಬೇಡ, ಬಿಸಿನೀರು ಬೇರೆಯವರು ಮುಟ್ಟಿ ನೋಡ್ಲಿ.

ಮುಂಬೈ, ಡೊಂಬಿವಲಿಯಿಂದ:
ನಾವು ಸ್ಕ್ರೂ ಕಡೆಯವರು, ನಮ್ಮಣ್ಣನ ಮಗನಿಗೆ ಕತ್ತಿನ ಎರಡನೇ ಮೂಳೆಯ ಗೂಟ ಮೇಲೇರಿ ಬುರುಡೆ ರಂಧ್ರದೊಳಗೆ ನುಗ್ಗಿತ್ತು, ಬ್ಯಾಸಿಲಾರ್ ಇನ್‌ವ್ಯಾಜಿನೇಶನ್ ಅಂತಾರೆ, ಜೊತೆಗೆ ಕಿಯಾರಿನೂ ಇತ್ತು. ನಿಮ್ಮ ಇಬ್ರು ಡಾಕ್ಟ್ರು ಬೇರೆ ಬೇರೆ ಹೇಳೋದಕ್ಕೆ ಕಾರಣ ಇದೆ, ಇದು ಇನ್ನೂ ಮುಗಿಯದ ಜಗಳ, ಅದರ ಒಂದು ಕಡೆ ಇರೋದು ನಮ್ಮೂರಿನ ಕೆಇಎಂ ಆಸ್ಪತ್ರೆಯಲ್ಲಿ ನ್ಯೂರೋಸರ್ಜನ್ ಆಗಿದ್ದ ಅತುಲ್ ಗೋಯಲ್. ಮೊದಲೆಲ್ಲ ಸಿ1 ಸಿ2 ಅಂದ್ರೆ ಕತ್ತಿನ ಮೊದಲೆರಡು ಮೂಳೆಗಳನ್ನ ಹಿಂದಿನಿಂದ ತಂತಿ ಕಟ್ಟಿ ಹಿಡಿಸ್ತಿದ್ರು, ಗೂಟ ಒತ್ತುತ್ತಿದ್ರೆ ಬಾಯೊಳಗಿಂದ ಹೋಗಿ ಅದನ್ನ ಕೊರೆದು ತೆಗೀತಿದ್ರು, ಆಮೇಲೆ ಹಿಂದಿನಿಂದ ಇನ್ನೊಂದು ಆಪರೇಶನ್. ಗೋಯಲ್ ಅವರು ಆ ಎರಡು ಮೂಳೆ ನಡುವೆ ಪಕ್ಕದಲ್ಲಿರೋ ಕೀಲನ್ನೇ ಬಿಚ್ಚಿ ಎರಡೂ ಮೂಳೆಗೆ ಸ್ಕ್ರೂ ಪ್ಲೇಟು ಹಾಕೋ ವಿಧಾನ 1994ರಲ್ಲಿ ಪ್ರಕಟ ಮಾಡಿದ್ರು, 2001ರಲ್ಲಿ ಜರ್ಮನಿಯ ಹಾರ್ಮ್ಸ್ ಪ್ಲೇಟಿನ ಬದಲು ರಾಡ್ ಹಾಕಿ ಅದನ್ನ ಇನ್ನಷ್ಟು ಜನಪ್ರಿಯ ಮಾಡಿದ್ರು, ಈಗ ಗೋಯಲ್-ಹಾರ್ಮ್ಸ್ ಅಂತಾನೇ ಕರೀತಾರೆ. ಇಲ್ಲೀವರೆಗೂ ಜಗಳ ಇಲ್ಲ. ಜಗಳ ಶುರು ಆಗಿದ್ದು 2015ರಲ್ಲಿ, ಕಿಯಾರಿ ಇದ್ದ 65 ಜನಕ್ಕೆ ಬುರುಡೆ ಹಿಂದಿನ ಮೂಳೆ ಮುಟ್ಟದೆ ಬರೀ ಸಿ1 ಸಿ2 ಫಿಕ್ಸ್ ಮಾಡಿ, ಕಿಯಾರಿಗೆ ಮೂಲ ಕಾರಣನೇ ಈ ಕೀಲಿನ ಅಲುಗಾಟ ಇರ್ಬೇಕು, ಟಾನ್ಸಿಲ್ ಇಳಿಯೋದು ಹುರಿಗೆ ಪೆಟ್ಟಾಗದ ಹಾಗೆ ದೇಹ ತಾನೇ ಹಾಕ್ಕೊಂಡಿರೋ ಏರ್‌ಬ್ಯಾಗ್ ಅಂತ ವಾದ ಮಾಡಿದ್ರು. ಬಗ್ಗಿಸಿ ತೆಗೆದ ಎಕ್ಸ್‌ರೇಲಿ ಅಲುಗಾಟ ಕಾಣದಿದ್ರೂ ಇರಬಹುದು ಅಂತಲೂ ಅಂತಾರೆ. ಬಹಳಷ್ಟು ಸರ್ಜನ್‌ಗಳು ಇದನ್ನ ಒಪ್ಪಲ್ಲ, ಕೀಲು ಗಟ್ಟಿ ಇದ್ರೆ ಡಿಕಂಪ್ರೆಶನ್ ಸಾಕು ಅನ್ನೋದು ಅವರ ಮಾತು. ಆದ್ರೆ ಅಲುಗಾಟ ಕಣ್ಣಿಗೆ ಕಾಣ್ತಾ ಇದ್ರೆ ಅದನ್ನ ಹಾಗೇ ಬಿಟ್ಟು ಬರೀ ಮೂಳೆ ತೆಗೀಬಾರ್ದು ಅನ್ನೋದ್ರಲ್ಲಿ ಎರಡೂ ಕಡೆಯವರು ಒಂದೇ. ಅದಕ್ಕೆ ನನ್ನ ಕೇಳಿದ್ರೆ ಆ 9 ಎಂಎಂ ವಿಷಯ ಬಿಟ್ಹಾಕಿ, ಕತ್ತು ಮುಂದೆ ಬಗ್ಗಿಸಿ ಹಿಂದೆ ಚಾಚಿ ತೆಗೆಯೋ ಎಕ್ಸ್‌ರೇ, ಅದೇ ಜಾಗದ ಸಿಟಿ ಆಗಿದೆಯಾ ಅದನ್ನ ಹೇಳಿ.

ಸ್ಕ್ರೂ ಅಂದ್ರೆ ಸುಮ್ನೆ ಅಲ್ಲ, ಅದೂ ಹೇಳ್ಬೇಕು. ಕತ್ತು ಎಡಬಲ ತಿರುಗೋದ್ರಲ್ಲಿ ಹತ್ತಿರ ಹತ್ತಿರ ಅರ್ಧ ಈ ಎರಡು ಮೂಳೆ ನಡುವೆನೇ ಆಗೋದು, ನಮ್ಮ ಹುಡುಗ ಈಗ ರಸ್ತೆ ದಾಟುವಾಗ ಮೈಯೆಲ್ಲ ತಿರುಗಿಸಿ ನೋಡ್ತಾನೆ. ತಲೆ ಹಿಂದೆ ಬಾಚಣಿಗೆ ಆಡಿಸಿದ್ರೆ ಗೊತ್ತಾಗಲ್ಲ, ಸ್ಕ್ರೂಗೆ ದಾರಿ ಮಾಡೋಕೆ ಅಲ್ಲಿನ ನರ ಎಷ್ಟೋ ಸಲ ಕತ್ತರಿಸ್ತಾರೆ. ಸೊಂಟದಿಂದ ಮೂಳೆ ತೆಗೆದು ಕೀಲಲ್ಲಿ ತುಂಬಿದ್ರು, ಅವನು ಜಾಸ್ತಿ ಗೊಣಗಿದ್ದು ಆ ಸೊಂಟದ ಗಾಯಕ್ಕೇ. ಮೆದುಳಿಗೆ ಹೋಗೋ ರಕ್ತನಾಳ ಸ್ಕ್ರೂ ದಾರಿಯಲ್ಲೇ ಹಾದು ಹೋಗುತ್ತೆ, ಈ ಥರದ ಕತ್ತಿನಲ್ಲಿ ಅದು ಎಲ್ಲೆಲ್ಲೋ ಸುತ್ತಿರುತ್ತೆ, ರಕ್ತನಾಳ ತೋರಿಸೋ ಸಿಟಿ ಆಂಜಿಯೋ ನೋಡದೇ ಕೈ ಹಾಕೋರ ಹತ್ರ ಹೋಗ್ಬೇಡಿ.

ದಾವಣಗೆರೆಯಿಂದ, ಫಿಸಿಯೋಥೆರಪಿಸ್ಟ್:
ಅಕ್ಕನಿಗೆ ನಡೆಯುವಾಗ ಚಪ್ಪಲಿ ಜಾರುತ್ತಾ ಕೇಳಿ. ಜಾರೋದು ಗೊತ್ತಾಗಿಯೂ ಹಿಡಿಯೋಕೆ ಆಗಲ್ಲ ಅಂದ್ರೆ ಶಕ್ತಿ ಕಮ್ಮಿ ಆಗಿರೋದು, ಜಾರಿ ಹೋಗಿದ್ದೇ ಗೊತ್ತಾಗಲ್ಲ ಅಂದ್ರೆ ಸ್ಪರ್ಶದ ದಾರಿ ಕೆಟ್ಟಿರೋದು, ಡಾಕ್ಟ್ರಿಗೆ ಇದೊಂದು ಮಾತು ತುಂಬಾ ಉಪಯೋಗ. ರವಿಕೆ ಹುಕ್ ಹಾಕೋಕೆ, ಅನ್ನ ಕಲಸೋಕೆ ಕಷ್ಟ ಇದ್ರೂ ಬರೆದಿಡಿ. ಮತ್ತೆ ದಯವಿಟ್ಟು ಯಾರ ಕೈಲೂ ಕತ್ತು ತಿರುವಿಸಿ ಲಟಕ್ ಅನ್ನಿಸೋದು, ಎಣ್ಣೆ ಹಚ್ಚಿ ಎಳೆಸೋದು ಮಾಡಿಸ್ಬೇಡಿ, ಕೀಲು ಸಡಿಲ ಇದ್ರೆ ಹುರಿಗೇ ಪೆಟ್ಟು, ಉಸಿರಿಗೇ ತೊಂದ್ರೆ ಆಗಬಹುದು. ಬಗ್ಗಿಸೋ ಎಕ್ಸ್‌ರೇ ಕೂಡ ಡಾಕ್ಟ್ರು ಬರ್ಕೊಟ್ಟ ಮೇಲೆ, ಅಕ್ಕ ತಾನಾಗೇ ಎಷ್ಟು ಬಗ್ಗಿಸ್ತಾಳೋ ಅಷ್ಟೇ, ಟೆಕ್ನಿಶಿಯನ್ ಒತ್ತಿ ಬಗ್ಗಿಸೋ ಹಾಗಿಲ್ಲ.

ಕೇಳಿದವರು ಮತ್ತೆ:
ಬಗ್ಗಿಸೋ ಎಕ್ಸ್‌ರೇ ಆಗೇ ಇಲ್ಲ, ಬರೀ ಎಂಆರ್‌ಐ ಇದೆ. ಚಪ್ಪಲಿ ಕೇಳ್ದೆ, ಎಡಗಾಲಿಂದು ಹೋಗಿದ್ದೇ ಗೊತ್ತಾಗಲ್ವಂತೆ, ನಮಗ್ಯಾರಿಗೂ ಹೇಳೇ ಇರ್ಲಿಲ್ಲ. ನಿಮ್ಹಾನ್ಸ್‌ಗೆ ಹೋಗೋಣ ಅನ್ಕೊಂಡಿದೀವಿ.

ಹಾಸನದಿಂದ:
ಹಾಗಾದ್ರೆ ತಡ ಮಾಡ್ಬೇಡಿ. ಎಂಆರ್‌ಐ ರಿಪೋರ್ಟ್ ಹಾಳೆ ಒಂದೇ ಸಾಕಾಗಲ್ಲ, ಸಿಡಿನೂ ತಗೊಂಡ್ಹೋಗಿ, ಡಾಕ್ಟ್ರು ಚಿತ್ರನೇ ನೋಡೋದು. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆಪರೇಶನ್ ಡೇಟ್ ಕೊಟ್ಟ ಮೇಲಲ್ಲ, ಮೊದಲನೇ ದಿನಾನೇ ಅಲ್ಲಿನ ಆರೋಗ್ಯಮಿತ್ರ (ಈ ಯೋಜನೆಗೆ ಸಹಾಯ ಮಾಡೋರು) ಯಾರು ಅಂತ ವಿಚಾರಿಸಿ. ಪ್ರೈವೇಟಿಗೆ ಹೋಗೋದಾದ್ರೆ ಜಿಲ್ಲಾಸ್ಪತ್ರೆ ರೆಫರಲ್ ಚೀಟಿ ಮುಂಚೇನೇ ಮಾಡಿಸ್ಕೊಳಿ.